ಆಫ್ರಿಕಾದ ಬಾವಿ

ಉಡಚಪ್ಪನಿಗೆ ಒಂದು ಚಟವಿತ್ತು. ದಾನ ಮಾಡುವ ಚಟ.

ಕುಡಿತವಲ್ಲ, ಇಸ್ಪೀಟಲ್ಲ. ಹೆಂಡತಿಗೆ ಎರಡನೇ ಸೀರೆಯಿಲ್ಲದ ಮನೆಯಲ್ಲಿ ಕುಳಿತು ದಾನ ಮಾಡುವ ಚಟ. ಊರವರು ನಗುತ್ತಿದ್ದರು. ಅವರಿಗಿಂತ ಮೊದಲು ತಾನೇ ನಕ್ಕುಬಿಡುವುದು ಅವನ ಪದ್ಧತಿ. ಅವನ ಅಜ್ಜ ಸತ್ತ ದನ ಎಳೆದವನು. ಅಪ್ಪನೂ ಎಳೆದವನು. ಹಬ್ಬ ಮುಗಿದ ಮರುದಿನ ಮೇಲಿನ ಓಣಿಯ ಕಟ್ಟೆಯ ಕೆಳಗೆ ನಿಂತು, ಮೇಲಿನಿಂದ ಬಿದ್ದ ಹಳಸಿದ ಹೋಳಿಗೆಯನ್ನು ಉಡಿಯಲ್ಲಿ ಹಿಡಿದವರು. ಯಾವ ಕಾಲದಿಂದಲೋ ಇಸಕೊಂಡೇ ಬಂದ ಕೈ ಅದು. ಸವಣೂರಿನಿಂದ ಹಾನಗಲ್ಲಿನ ಕಡೆ ಒಂದು ಹರದಾರಿ ದೂರದ ಕರೇಕಟ್ಟಿಗೆ ಮಿಶನ್ ಬಂತು. ಹೊಲೆಯರ ಕೇರಿಯ ಹನ್ನೊಂದು ಮನೆಗಳು ತಲೆಗೆ ನೀರು ಹಾಕಿಸಿಕೊಂಡು ಕ್ರಿಸ್ತನ ಸಭೆ ಸೇರಿದವು. ಅವತ್ತಿನಿಂದ ಆ ಕೈಗೆ ಕೊಡುವ ಹಕ್ಕೂ ಸಿಕ್ಕಿತು. ಇಲ್ಲದವನಿಗೆ ಗಂಟು ಸಿಕ್ಕರೂ ಅಷ್ಟು ಖುಷಿಯಾಗುವುದಿಲ್ಲ.

ಸಭೆಯ ನಿಯಮ ಹೀಗಿತ್ತು. ಹೆಂಗಸರು ಬೀಸಲು ಕೂರುವ ಮೊದಲು ಒಂದು ಹಿಡಿ ಜೋಳವನ್ನು ಬೇರೆ ಗಡಿಗೆಯಲ್ಲಿ ತೆಗೆದಿಡಬೇಕು. ಭಾನುವಾರ ಆ ಗಡಿಗೆ ಮಿಶನ್ನಿನ ಗುಡಿಗೆ ಹೋಗುತ್ತಿತ್ತು. ಅಲ್ಲಿಂದ ಕುಷ್ಠರೋಗಿಗಳಿಗೆ, ತಬ್ಬಲಿ ಮಕ್ಕಳಿಗೆ, ಕಡಲಾಚೆಯ ಮಿಶನ್ ಕೆಲಸಕ್ಕೆ. ಉಡಚಪ್ಪನ ಹೆಂಡತಿ ಚೌಡವ್ವ ಹಿಡಿ ಹಾಕಿದ ಮೇಲೆ ಉಡಚಪ್ಪ ತನ್ನದೊಂದು ಹಿಡಿ ಹಾಕುತ್ತಿದ್ದ. ಅವನ ಬಲಗೈಗೆ ಎರಡು ಬೆರಳು ಕಡಿಮೆ. ಆ ಹಿಡಿ ಸಣ್ಣದಾಗಿ ದೇವರಿಗೆ ಮೋಸವಾದೀತೆಂದು ಎರಡು ಸಲ ಹಾಕುತ್ತಿದ್ದ.

"ದೇವ್ರ ಗಡಿಗಿ ತುಂಬತೈತಿ. ನಮ್ಮ ಗಡಿಗಿ?" ಎಂದು ಚೌಡವ್ವ ಕೇಳಿದರೆ ಅವನಲ್ಲಿ ಉತ್ತರ ತಯಾರು.

"ಕೊಟ್ಟವ್ರಿಗೆ ಕೊಡತಾನ ಅಂತ ಬರದೈತಿ."

"ಯಾವಾಗ ಅಂತ ಬರದಿಲ್ಲೇನು?"

ಓದಲು ಬಾರದ ಉಡಚಪ್ಪ ಅದನ್ನು ಯಾರಲ್ಲಿಯೂ ಓದಿಸಿ ನೋಡಿರಲಿಲ್ಲ. ರಾತ್ರಿ ಒಂದು ರೊಟ್ಟಿ ಕಡಿಮೆಯಾಗುತ್ತಿತ್ತು. ಆ ರೊಟ್ಟಿ ಚೌಡವ್ವನ ಪಾಲಿನದು. ಮನೆಗೆ ಮಾರಿ, ಊರಿಗೆ ಉಪಕಾರಿ. ಇವನು ಊರನ್ನೂ ದಾಟಿದವನು, ಕಡಲಾಚೆಗೆ ಉಪಕಾರಿ.

ಇನ್ನು ಆ ಬೆರಳುಗಳ ಮಾತು. ಅವು ಹೋದದ್ದು ಬಾವಿಗೆ.

ಸಾವಿರದ ಒಂಬೈನೂರ ಮೂವತ್ತೊಂದರಲ್ಲಿ ಗುಡಿಯ ಕಂಪೌಂಡಿನೊಳಗೆ ಬಾವಿ ತೆಗೆಸಿದರು. ಹದಿನೆಂಟು ಮೊಳಕ್ಕೆ ಬಂಡೆ ಹತ್ತಿತು. ವಡ್ಡರು ಉಳಿ ಎತ್ತಿಕೊಂಡು ಹೋದರು. ಆಗ ಸಭಾಹಿರಿಯ ಉಳವಪ್ಪ ಕೇರಿಗೆ ಬಂದು, "ಯೋಸೇಫಪ್ಪಾ, ಇದು ದೇವ್ರ ಸೇವಾ ನೋಡಪಾ" ಎಂದ. ಸಭೆಯ ರಿಜಿಸ್ಟರಿನಲ್ಲಿ ಉಡಚಪ್ಪನ ಹೆಸರು ಯೋಸೇಫ. ಕೆಲಸವಿದ್ದಾಗ ಉಳವಪ್ಪ ರಿಜಿಸ್ಟರಿನ ಹೆಸರು ಕರೆಯುತ್ತಿದ್ದ. ಸಿಟ್ಟು ಬಂದಾಗ ಹಳೆಯ ಹೆಸರು ತಾನಾಗಿಯೇ ಬಾಯಿಗೆ ಬರುತ್ತಿತ್ತು. ಯೋಸೇಫಪ್ಪ ಎನ್ನಿಸಿಕೊಂಡ ಉಡಚಪ್ಪ ಉಬ್ಬಿಹೋದ. ಎರಡು ತಿಂಗಳು ಪಾದ ಮುಳುಗುವ ಕೆಸರಿನಲ್ಲಿ ನಿಂತು ಬಂಡೆ ಒಡೆದ. ಅಂಗಾಲು ಕೊಳೆಯಿತು. ಬೆನ್ನ ಚರ್ಮ ಸುಲಿಯಿತು. ಒಂದು ದಿನ ಮೇಲಿನಿಂದ ಜಾರಿದ ಕಲ್ಲು ಬಲಗೈಯ ಮೇಲೆ ಕುಳಿತು ಎರಡು ಬೆರಳು ತೆಗೆದುಕೊಂಡಿತು. ಮರುವಾರ ನೀರು ಚಿಮ್ಮಿತು. ಸಿಹಿನೀರು. ಉಡಚಪ್ಪ ಬಾವಿಯೊಳಗೇ ನಿಂತು ಹಾಡು ಹೇಳಿದ.

ಮೇಲೆ ಬಂದು ಮೈ ಒರೆಸಿಕೊಳ್ಳುವುದರೊಳಗೆ ಆ ನೀರು ಅವನದಾಗಿ ಉಳಿದಿರಲಿಲ್ಲ.

ಉಳವಪ್ಪ ಕೆಟ್ಟವನಲ್ಲ. ಹಾಗೆಂದು ಅವನೇ ಹೇಳುತ್ತಿದ್ದ. ಲಿಂಗ ಕಟ್ಟಿಕೊಂಡ ದೊಡ್ಡ ಒಕ್ಕಲು ಮನೆಯಿಂದ ಸಭೆಗೆ ಬಂದವನು ಅವನೊಬ್ಬನೇ. ಗುಡಿಯಲ್ಲಿ ಅವನಿಗೆ ಕುರ್ಚಿ, ಕೇರಿಯವರಿಗೆ ಚಾಪೆ. ಪ್ರಭುಭೋಜನದ ದ್ರಾಕ್ಷಾರಸದ ಪಾತ್ರೆಯಲ್ಲಿ ಮೊದಲ ಗುಟುಕು ಅವನ ಮನೆಯವರದು. ಬಾವಿಕಟ್ಟೆಯ ಮೇಲೆ ನಿಂತು ಅವನು ಕೇರಿಯವರಿಗೆ ತಿಳಿಸಿ ಹೇಳಿದ.

"ಮ್ಯಾಲಿನ ಓಣ್ಯಾಗ ನಾಕೈದು ಮನಿ ಸಭಾಕ್ಕ ಬರೂ ವಿಚಾರದಾಗ ಅದಾವ. ನೀವು ಬಾವಿ ಮುಟ್ಟೀರಿ ಅಂದ್ರ ಬರಾವ್ರು ಬರಂಗಿಲ್ಲ. ನಿಮ್ಮಿಂದ ಅವ್ರ ಆತ್ಮ ಕೆಡಬೇಕೇನು? ಸ್ವಲ್ಪ ದಿನ ತಾಳ್ರಿ. ಇದೂ ಒಂದು ದಾನ ಅಂತ ತಿಳೀರಿ."

ದಾನ ಎಂಬ ಮಾತು ಕೇಳಿದರೆ ಉಡಚಪ್ಪ ಕರಗಿಹೋಗುವವನು. ಎಲ್ಲರಿಗಿಂತ ಮೊದಲು ಅವನೇ ತಲೆಯಾಡಿಸಿದ. ತಾನು ತೋಡಿದ ಬಾವಿಯನ್ನು ಬಾರದವರ ಆತ್ಮಗಳಿಗೆ ದಾನ ಕೊಟ್ಟುಬಿಟ್ಟ. ಕೊಟ್ಟವ ಕೋಡಂಗಿ ಎಂದು ಸುಮ್ಮನೆ ಹೇಳುತ್ತಾರೆಯೇ? ಏಳು ವರ್ಷ ಕಳೆದರೂ ಮೇಲಿನ ಓಣಿಯಿಂದ ಒಂದು ಬೆಕ್ಕೂ ಸಭೆಗೆ ಬರಲಿಲ್ಲ. ಸ್ವಲ್ಪ ದಿನ ಮಾತ್ರ ಮುಗಿಯಲಿಲ್ಲ.

ಹಗ್ಗ ಮತ್ತು ಬಕೀಟು ಮಿಶನ್ ದೊರೆಗಳ ಬಂಗಲೆಯ ಅಡುಗೆಮನೆಯಲ್ಲಿ ಇರುತ್ತಿದ್ದವು. ಕೀಲಿ ದೊರೆಗಳ ಅಡುಗೆಯವ ಖಲಂದರನ ಸೊಂಟದಲ್ಲಿ. ಬಾವಿಯಿಂದ ಇಪ್ಪತ್ತು ಹೆಜ್ಜೆ ದೂರ, ಬೇವಿನ ಮರದ ಆಚೆ, ಕೇರಿಯ ಹೆಂಗಸರು ಗಡಿಗೆ ಇಟ್ಟುಕೊಂಡು ಬೆಳಗಿನಿಂದ ಕೂರಬೇಕು. ಖಲಂದರ ದೊರೆಗಳ ಚಹಾ, ತತ್ತಿ ಮುಗಿಸಿ ಬಂದು, ಸೇದಿ, ಮೇಲಿನಿಂದ ಹೊಯ್ಯಬೇಕು.

"ಖರೇ ಹೇಳ್ರಿ," ಎಂದು ಖಲಂದರ ಸೇದುತ್ತ ಕೇಳುತ್ತಿದ್ದ. "ನಿಮ್ಮ ಗುಡಿ, ನಿಮ್ಮ ದೇವ್ರು, ನಿಮ್ಮ ಬಾವಿ. ನಾ ಮಸೂತಿಗೆ ಹೋಗಾಂವ. ಕೀಲಿ ನನ್ನ ಕಡೆ ಯಾಕ ಬಂತು?"

ಉಡಚಪ್ಪ ನಗುತ್ತಿದ್ದ. ಚೌಡವ್ವ ನಗುತ್ತಿರಲಿಲ್ಲ.

ಅವರಿಗೊಬ್ಬ ಮಗಳಿದ್ದಳು, ಮಂಜವ್ವ. ಕಡಲಾಚೆಯಿಂದ ಬಡವರಿಗೆಂದು ಬಂದ ಬಟ್ಟೆಯ ಪೆಟ್ಟಿಗೆಯಲ್ಲಿ ಅವಳಿಗೊಂದು ಪಟ್ಟಿಪಟ್ಟಿಯ ಅಂಗಿ ಸಿಕ್ಕಿತ್ತು. ಯಾವುದೋ ದೊಡ್ಡ ಹುಡುಗಿಯದು. ಮಂಜವ್ವ ಅದನ್ನು ಬಿಚ್ಚಲೇ ಒಲ್ಲಳು. ಮೂವತ್ತೈದರಲ್ಲಿ ಒಮ್ಮೆ ದೊರೆಸಾನಿಯವರು ಮೂರು ಕಾಲಿನ ಪೆಟ್ಟಿಗೆ ತಂದು, ನೀರಿಗೆ ಕುಳಿತ ಹೆಂಗಸರ ಚಿತ್ರ ತೆಗೆದರು. ಎಲ್ಲರನ್ನೂ ಸರಿಯಾಗಿ ಕೂರಿಸಿದವನು ಉಡಚಪ್ಪನೇ. "ಯಾರೂ ನಗಬ್ಯಾಡ್ರಿ, ನಕ್ಕರ ಚಿತ್ರಾ ಕೆಡತೈತಿ" ಎಂದು ಕೈ ಎತ್ತಿ ಜೋರು ಮಾಡಿದ್ದ. ಆ ಚಿತ್ರ ಎಲ್ಲಿಗೆ ಹೋಯಿತೋ ಯಾರೂ ಕೇಳಲಿಲ್ಲ.

ಮರುವರ್ಷ ಬಕ್ರೀದಿಗೆ ಖಲಂದರ ಮೂರು ದಿನ ಸವಣೂರಿಗೆ ಹೋದ. ಕೀಲಿಯೂ ಅವನ ಸೊಂಟದಲ್ಲಿ ಹೋಯಿತು. ಉಳವಪ್ಪನ ಮನೆಯವರು ತಮ್ಮ ಹಗ್ಗದಿಂದ ತಮಗೆ ಬೇಕಾದಷ್ಟು ಸೇದಿಕೊಂಡರು. ಹೆಂಗಸರು ಒಂದು ದಿನ ಕಾಯ್ದು ಎದ್ದು ಹಳ್ಳಕ್ಕೆ ಹೋದರು. ಎಮ್ಮೆ ಬಿದ್ದೇಳುವ ಗುಂಡಿಯ ನೀರು. ಮಂಜವ್ವನಿಗೆ ವಾಂತಿಭೇದಿ ಹತ್ತಿತು. ಮೂರನೇ ದಿನ ಖಲಂದರ ಹಬ್ಬದ ಊಟ ಕಟ್ಟಿಕೊಂಡು ಬಂದಾಗ ಏಳು ವರ್ಷದ ಹುಡುಗಿಯನ್ನು ಪಟ್ಟಿಯ ಅಂಗಿಯಲ್ಲೇ ಮಣ್ಣು ಮಾಡಿ ಬಂದಿದ್ದರು. ದೇವರು ಕೊಟ್ಟ, ದೇವರು ತೆಗೆದುಕೊಂಡ ಎಂದು ಉಳವಪ್ಪ ಪ್ರಾರ್ಥನೆ ಮಾಡಿದ. ದೇವರ ಕೈಯಲ್ಲಿ ಕೀಲಿ ಇರಲಿಲ್ಲ ಎಂದು ಹೇಳುವ ಧೈರ್ಯ ಆಗ ಉಡಚಪ್ಪನಿಗೆ ಬರಲಿಲ್ಲ. ಆಮೆನ್ ಎಂದ.

ಮೊದಲೆಲ್ಲ ಚೌಡವ್ವ ಗಂಡನನ್ನು 'ಮಂಜವ್ವನ ಅಪ್ಪಾ' ಎಂದು ಕರೆಯುತ್ತಿದ್ದಳು. ಆಮೇಲೆ ಏನೆಂದೂ ಕರೆಯಲಿಲ್ಲ. ಬೇಕಾದಾಗ ತಂಬಿಗೆ ಸಪ್ಪಳ ಮಾಡುತ್ತಿದ್ದಳು.

ಮೂವತ್ತೆಂಟರ ಬೇಸಿಗೆಯಲ್ಲಿ ದೊರೆಗಳು ತಂಪಿಗೆಂದು ಬೆಟ್ಟಕ್ಕೆ ಹೋಗಿದ್ದರು. ಬಂಗಲೆ ಕಾಯಲು ಖಲಂದರ ಉಳಿದಿದ್ದ. ಆಗ ಯಲವಿಗಿ ಸ್ಟೇಶನ್ನಿಗೆ ಒಂದು ಪೆಟ್ಟಿಗೆ ಬಂದಿದೆಯೆಂದು ಕಾಗದ ಬಂತು. ಚಿತ್ರದ ಲಾಂದ್ರ. ಒಳಗೆ ದೀಪ ಹಚ್ಚಿ, ಮುಂದೆ ಗಾಜಿನ ಚಿತ್ರ ಇಟ್ಟರೆ, ಗೋಡೆಯ ಮೇಲೆ ಆಳೆತ್ತರದ ಮನುಷ್ಯರು ಮೂಡುತ್ತಾರಂತೆ. ಆಫ್ರಿಕಾದ ಮಿಶನ್ ಕೆಲಸದ ಚಿತ್ರಗಳು. ಎಲ್ಲ ಸಭೆಗಳಿಗೂ ತೋರಿಸಿ ಸಹಾಯ ಕೂಡಿಸಬೇಕಂತೆ.

"ಯೋಸೇಫಪ್ಪಾ," ಎಂದ ಉಳವಪ್ಪ.

ಅಷ್ಟು ಸಾಕಾಯಿತು. ಉಡಚಪ್ಪ ಯಲವಿಗಿಗೆ ನಡೆದುಹೋಗಿ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ತಂದ. ಸಿಂಬಿ ಬೆವರಿನಲ್ಲಿ ನೆನೆದು ಹಿಂಡುವಂತಾಯಿತು. ಕುತ್ತಿಗೆಯ ನರ ಉಬ್ಬಿದವು. ಸವಣೂರಿನ ಹತ್ತಿರ ಎಲೆತೋಟದ ಮಾಲಿ ಕಾಲುವೆಗೆ ಬಾಯಿ ಹಚ್ಚಲು ಬಿಡಲಿಲ್ಲ. ಮುಂದೆ ಓಣಿಯ ತುದಿಯಲ್ಲಿ ಕುಲಸುಮಬಿ ಎಂಬ ಮುದುಕಿ ಅವನ ಬೊಗಸೆಗೆ ನೀರು ಹೊಯ್ದು, "ತಲಿ ಮ್ಯಾಲೆ ಏನೋ ತಮ್ಮಾ ಅದು, ಬಂಗಾರೇನು?" ಎಂದಳು.

"ಆಫ್ರಿಕಾ ಐತ್ರಿ ಅಮ್ಮಾ," ಎಂದ ಉಡಚಪ್ಪ ಹೆಮ್ಮೆಯಿಂದ. "ಅಲ್ಲಿ ಮಂದಿಗೆ ಭಾಳ ತ್ರಾಸ ಐತಂತ. ನಾವು ಸಹಾಯ ಮಾಡಾವ್ರದೀವಿ."

ಮುದುಕಿ ಅವನ ಹರಿದ ಅಂಗಿಯನ್ನೂ ಒಡೆದ ತುಟಿಯನ್ನೂ ನೋಡಿ ಇನ್ನೊಂದು ತಂಬಿಗೆ ನೀರು ಹೊಯ್ದಳು.

ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಗುಡಿಯ ಕಿಟಕಿಗಳಿಗೆಲ್ಲ ಕಂಬಳಿ ಕಟ್ಟಿದರು. ನಡುಹಗಲು ಒಳಗೆ ಕತ್ತಲಾಯಿತು. ಮೇ ತಿಂಗಳ ಶೆಕೆ, ಕಂಬಳಿಯ ವಾಸನೆ, ಸೀಮೆಎಣ್ಣೆಯ ಹೊಗೆ. ಮುಂದಿನ ಗೋಡೆಗೆ ಬಿಳಿ ಧೋತರ. ಕುರ್ಚಿಯ ಪಕ್ಕ ಲಾಂದ್ರ ಇಟ್ಟುಕೊಂಡು, ಕಾಗದ ಹಿಡಿದು, ಉಳವಪ್ಪ ಒಂದೊಂದೇ ಗಾಜು ತೂರಿಸಿ ವಿವರಿಸಿದ. ದೊಡ್ಡ ಟೊಪ್ಪಿಗೆಯ ದೊರೆ. ಶಾಲೆಯ ಮಕ್ಕಳು. ಹುಲ್ಲಿನ ಗುಡಿ. ಕೇರಿಯವರು ಚಾಪೆಯ ಮೇಲೆ ಬಾಯಿ ತೆರೆದು ಕುಳಿತಿದ್ದರು. ಇಂಥದ್ದನ್ನು ಅವರು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಹಾಗೆ ನೋಡಿದರೆ ತಮ್ಮ ಮುಖವನ್ನೇ ಅವರು ಕಂಡದ್ದು ಹಳ್ಳದ ನೀರಿನಲ್ಲಿ, ಅದೂ ಬಗ್ಗಿದಾಗ.

ಏಳನೆಯ ಗಾಜು. ಉಳವಪ್ಪನ ಕಾಗದದಲ್ಲಿ ಏಳನೆಯದು ದೋಣಿ. ಗೋಡೆಯ ಮೇಲೆ ದೋಣಿ ಬರಲಿಲ್ಲ. ಬರಿಯ ನೆಲದ ಮೇಲೆ ಸಾಲಾಗಿ ಕುಳಿತ ಕಪ್ಪು ಹೆಂಗಸರು ಬಂದರು. ಮುಂದೆ ಖಾಲಿ ಗಡಿಗೆಗಳು. ನಡುವೆ ಒಂದು ಹೆಣ್ಣುಮಗು, ಗಡಿಗೆಯ ಕಂಠ ಹಿಡಿದು ನೇರವಾಗಿ ನೋಡುತ್ತಿತ್ತು. ಉಳವಪ್ಪ ಕಾಗದ ತಿರುಗಿಸಿ ನೋಡಿದ. ಗೊತ್ತಿಲ್ಲ ಎಂಬ ಮಾತು ಅವನ ಬಾಯಿಂದ ಯಾವತ್ತೂ ಬಂದದ್ದಿಲ್ಲ. ಗಂಟಲು ಸರಿಮಾಡಿಕೊಂಡ.

"ಪ್ರಿಯರೇ, ಇವ್ರು ಆಫ್ರಿಕಾದ ಬಡ ಹೆಂಗಸ್ರು. ನೀರಿಗೆ ಕುಂತಾರ. ಮುಂಜಾನಿಂದ ಹಿಂಗ ಕುಂತಿರತಾರ, ಯಾರರೆ ಬಂದು ಹಾಕ್ಯಾರೇನು ಅಂತ. ಆ ಕೂಸಿನ ಮಾರಿ ನೋಡ್ರಿ. ತುಟಿ ಹೆಂಗ ಒಣಗ್ಯಾವ ನೋಡ್ರಿ. ನಿಮ್ಮ ಎದಿ ಕಲ್ಲೇನು?"

ಕಲ್ಲಾಗಿರಲಿಲ್ಲ. ಕತ್ತಲಲ್ಲಿ ಮೂಗು ಸೇದುವ ಸದ್ದು ಎದ್ದಿತು. ಅಯ್ಯೋ ಪಾಪ ಎಂದರು. ಅವರೂ ಮನುಷ್ಯರಲ್ಲವೇ ಎಂದರು. ಮೂರು ತಾಸು ಬೇವಿನ ಮರದ ಕೆಳಗೆ ಕಾಯ್ದು ಅರ್ಧ ಗಡಿಗೆ ನೀರು ಒಯ್ದ ಹೆಂಗಸರೇ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಎಲ್ಲರಿಗಿಂತ ಜೋರಾಗಿ ಅತ್ತವನು ಉಡಚಪ್ಪ. ಆ ಮಗು ತನ್ನೊಬ್ಬನನ್ನೇ ನೋಡುತ್ತಿದೆ ಎನಿಸಿತು. ತಡೆಯಲಾಗದೆ ಎದ್ದು ನಿಂತ.

"ಹಿರ್ಯಾರ, ಕಾಳು ಕೊಡತೇನಿ, ಅದಿರ್ಲಿ. ನನ್ನ ಕಳಸ್ರಿ."

"ಎಲ್ಲಿಗೋ?"

"ಆಫ್ರಿಕಾಕ್ಕ. ಆ ಮಂದಿಗೆ ನಾ ಬಾವಿ ತೋಡಿ ಕೊಡತೇನಿ. ಬಂಡಿ ಹತ್ತಿದ್ರೂ ಬಿಡಂಗಿಲ್ಲ. ಕೂಲಿ ಬ್ಯಾಡ. ಉಳದ ಬೆರಳೂ ಹೋಗ್ಲಿ. ಆ ಕೂಸಿಗೆ ನೀರ ಸಿಕ್ಕರ ಸಾಕು."

ಸಭೆ ಮೆಚ್ಚಿ ತಲೆದೂಗಿತು. ಉಳವಪ್ಪ ಕೂಡ ಕೈ ಎತ್ತಿ ಆಶೀರ್ವಾದ ಮಾಡಿದ. ಉಡಚಪ್ಪನ ಬದುಕಿನಲ್ಲಿ ಅದಕ್ಕಿಂತ ದೊಡ್ಡ ಗಳಿಗೆ ಬಂದಿರಲಿಲ್ಲ. ಅವನ ಎದೆ ಒಂದು ಗೇಣು ಮುಂದೆ ಬಂದಿತ್ತು.

"ಮಂಜವ್ವನ ಅಪ್ಪಾ."

ಹೆಂಗಸರ ಸಾಲಿನಿಂದ ಬಂದ ದನಿ. ಎರಡು ವರ್ಷದಿಂದ ಕೇಳದ ಕರೆ. ಉಡಚಪ್ಪನಿಗೆ ತನ್ನನ್ನೇ ಕರೆದದ್ದು ಎಂದು ತಿಳಿಯಲು ತುಸು ಹೊತ್ತು ಬೇಕಾಯಿತು.

"ಅಷ್ಟು ದೂರ ಯಾಕ ಹೊಕ್ಕೀರಿ?" ಎಂದಳು ಚೌಡವ್ವ. "ಆ ಕೂಸು ನಿಮ್ದ ಐತಿ."

ಯಾರೋ ನಕ್ಕರು. ಚೌಡವ್ವ ಎದ್ದು ಮುಂದೆ ಬಂದಳು. ಅವಳ ನೆರಳು ಧೋತರದ ಮೇಲೆ ಬಿದ್ದು, ಸರಿದು, ಮಗು ಮತ್ತೆ ಕಾಣಿಸಿತು.

"ಅಂಗಿ ನೋಡ್ರಿ. ಪಟ್ಟಿ ನೋಡ್ರಿ. ಬಲಗಡೆ ತೋಳು ಕತ್ತರಿಸಿ ಸಣ್ಣದು ಮಾಡಿದ್ದೆ. ಎಡಗಡೇದು ಮಾಡೂದ್ರಾಗ ದಾರ ತೀರಿತು. ಬೆರಳಿನ ಮಟ ಹಂಗ ಜೋತಬಿದ್ದೈತಿ, ನೋಡ್ರಿ. ಈ ಅಂಗಿ ಮ್ಯಾಲ ನಾ ಮಣ್ಣ ಹಾಕೇನಿ. ನನಗ ಗುರ್ತು ಹತ್ತೂದಿಲ್ಲೇನು? ಮಗ್ಗಲಾಗ ತಲಿಮ್ಯಾಲ ಸೆರಗ ಹೊತ್ತಾಕಿ ನಾನು. ಈ ಮೂಲ್ಯಾಗ ಎತ್ತಿದ ಕೈ ಐತಲ್ಲ, ಅದು ಯಾರ್ದು? ಬೆರಳ ಎಣಿಸ್ರಿ."

ಚಿತ್ರದ ಅಂಚಿನಲ್ಲಿ ಒಂದು ಗಂಡಸಿನ ಕೈ ಇತ್ತು. ಆಳೆತ್ತರದ ಹೆಂಗಸರಿಗೆ, ಯಾರೂ ನಗಬೇಡಿ ಎಂದು ಹೇಳುತ್ತಿದ್ದ ಕೈ. ಅದರಲ್ಲಿ ಮೂರೇ ಬೆರಳು.

ಉಡಚಪ್ಪ ತನ್ನ ಕೈ ನೋಡಿಕೊಂಡ. ಗೋಡೆ ನೋಡಿದ. ಮತ್ತೆ ಕೈ ನೋಡಿಕೊಂಡ. ಸ್ವಂತ ಮಗಳ ಚಿತ್ರ ತೋರಿಸಿದರೆ ಆಫ್ರಿಕಾದವಳೆಂದು ಅತ್ತ ಮಹಾದಾನಿ. ಅವಳನ್ನು ಯಲವಿಗಿಯಿಂದ ತಲೆಯ ಮೇಲೆ ಹೊತ್ತು ತಂದ ಮಹಾದಾನಿ. ಅವಳು ಹಳ್ಳದ ನೀರು ಕುಡಿದು ಸತ್ತಾಗ ಆಮೆನ್ ಎಂದವನು, ಅವಳ ಚಿತ್ರಕ್ಕೆ ಬಾವಿ ತೋಡಿ ಕೊಡಲು ಹಡಗು ಹತ್ತಲು ಹೊರಟಿದ್ದ. ನಗು ಬಂತು. ಬಾಯಿ ತೆರೆದರೆ ನಗುವಿನ ಬದಲು ದನದಂಥ ಕೂಗು ಬಂತು. ಸಭೆಯೆಲ್ಲ ಈಗ ಗೋಡೆಯ ಮೇಲೆ ಹುಡುಕುತ್ತಿತ್ತು. ಅಯ್ಯೋ ಇವಳು ನಮ್ಮ ಅತ್ತೆ, ಅಯ್ಯೋ ಅದು ನನ್ನ ಗಡಿಗೆ ಎಂದು ಒಬ್ಬೊಬ್ಬರಾಗಿ ತಮ್ಮನ್ನು ತಾವು ಗುರುತು ಹಿಡಿದರು.

"ಕುಂದರ್ರಿ, ಕುಂದರ್ರಿ," ಎಂದ ಉಳವಪ್ಪ. "ಪೆಟಗ್ಯಾಗ ಗಾಜು ಅದಲಿಬದಲಿ ಆಗ್ಯಾವ. ಮುಂದಿಂದು ನೋಡೂಣು."

ಅವನ ಕೈ ಗಾಜಿಗೆ ಹೋಗುವ ಮೊದಲೇ ಚೌಡವ್ವ ಅದನ್ನು ಎಳೆದಳು. ದೀಪಕ್ಕೆ ಕಾದ ಗಾಜು. ಬೆರಳು ಚುರ್ ಎಂದವು. ಬಿಡಲಿಲ್ಲ. ಸೆರಗಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡಳು. ಗೋಡೆಯ ಮೇಲೆ ಬರಿಯ ಬೆಳಕು ಉಳಿಯಿತು.

"ಅದು ಮಿಶನ್ನಿನ ಸಾಮಾನು!"

"ಸಾಮಾನು ಮಿಶನ್ನಿಂದು. ಮಗಳು ನನ್ನಾಕಿ," ಎಂದಳು ಚೌಡವ್ವ.

ಉಡಚಪ್ಪ ಕಿಟಕಿಯ ಕಂಬಳಿ ಕಿತ್ತೆಸೆದ. ಬಿಸಿಲು ಒಳಗೆ ಬಂತು. ಅವನು ಹೊರಗೆ ಹೋದ. ನೇರ ಬೇವಿನ ಮರಕ್ಕೆ. ಏಳು ವರ್ಷ ಅಲ್ಲಿಗೇ ನಿಲ್ಲುತ್ತಿದ್ದ ಕಾಲು ಅವತ್ತೂ ಒಂದು ಗಳಿಗೆ ನಿಂತಿತು. ಸುಳ್ಳು ಯಾಕೆ ಹೇಳಬೇಕು, ಹೆದರಿಕೆಯಾಯಿತು. ಹಿಂದಿನಿಂದ ಬರುತ್ತಿದ್ದ ಚೌಡವ್ವ ನಿಲ್ಲದೆ ಮರ ದಾಟಿದಳು. ಅವಳು ದಾಟಿದ ಮೇಲೆ ಅವನೂ ದಾಟಿದ.

"ಖಲಂದರ, ಹಗ್ಗ ಕೊಡಬ್ಯಾಡ!" ಎಂದು ಉಳವಪ್ಪ ಗುಡಿಯ ಬಾಗಿಲಿನಿಂದ ಕೂಗಿದ. "ದೊರೆಗಳಿಗೆ ಬರೀತೇನಿ!"

ಉಡಚಪ್ಪ ಹಗ್ಗ ಕೇಳಲಿಲ್ಲ. ಕಟ್ಟೆ ಹತ್ತಿ, ಒಳಗೋಡೆಗೆ ಕಾಲು ಇಳಿಬಿಟ್ಟ. ಅಲ್ಲಿ ಹೆಜ್ಜೆಯಿಡುವ ಗೂಡುಗಳನ್ನು ಕೊರೆದವನು ಅವನೇ. ಪ್ರತಿ ಬೇಸಿಗೆಯಲ್ಲಿ ಹೂಳು ತೆಗೆಯುವ ಸೇವೆ ಅವನದೇ. ಆ ದಿನಗಳಲ್ಲಿ ಮಾತ್ರ ಅವನ ಮೈಲಿಗೆಗೆ ರಜೆ. ಕಾಲು ತಾನಾಗಿ ಜಾಗ ಹುಡುಕಿತು. ಮೂರು ಬೆರಳಿನ ಕೈ ಕಲ್ಲಿನ ಸಂದು ಹಿಡಿಯಿತು. ಹದಿನೆಂಟು ಮೊಳ ಇಳಿದು, ಬಂಡೆ ದಾಟಿ, ಸೊಂಟಮಟ್ಟದ ನೀರಿನಲ್ಲಿ ನಿಂತ. ಬೆರಳು ಬಿದ್ದ ಜಾಗ ಅದೇ. ಬಗ್ಗಿ, ಮುಖ ಮುಳುಗಿಸಿ, ಹೊಟ್ಟೆ ಬಿರಿಯುವಂತೆ ಕುಡಿದ.

"ಗಡಿಗಿ ಇಳಿಸ್ರಿ!" ಎಂದ.

ಮೇಲೆ ಗದ್ದಲವಾಯಿತು. ಒಂದು ಸರ ಸರ ಸದ್ದು. ಬಂಗಲೆಯ ಹಗ್ಗ, ತುದಿಗೆ ಬಕೀಟು ಸಮೇತ, ಅವನ ಭುಜದ ಪಕ್ಕ ಬಂದು ಬಿತ್ತು.

"ಕೈ ಜಾರೀತ್ರಿ ಹಿರ್ಯಾರ," ಎನ್ನುವ ಖಲಂದರನ ದನಿ. "ಹಬ್ಬದಾಗ ಜಾರಬೇಕಾಗಿತ್ತು. ಎರಡು ವರ್ಷ ತಡಾ ಆತು."

ಬಕೀಟು ತುಂಬಿ ಮೇಲೆ ಹೋಯಿತು. ಮೇಲಿನ ತುದಿ ಹಿಡಿದು ಹೆಂಗಸರೇ ಎಳೆದರು. ಅಂಜಿದವರು ಇಬ್ಬರು ಗಡಿಗೆ ಬಿಟ್ಟು ಮನೆಗೆ ಓಡಿದರು. ಉಳಿದವರು ಉಳಿದರು. ಮೊದಲ ಬಕೀಟಿನ ನೀರನ್ನು ಚೌಡವ್ವ ಸುಟ್ಟ ಬೆರಳಿಗೆ ಹೊಯ್ದುಕೊಂಡಳು. ಆಮೇಲೆ ಕುಡಿದಳು.

ಉಳವಪ್ಪನ ತಲೆ ಬಾವಿಯ ಬಾಯಲ್ಲಿ ಕಾಣಿಸಿಕೊಂಡಿತು.

"ಉಡಚ್ಯಾ! ಮ್ಯಾಲ ಬಾರಲೇ! ನೀರ ಕೆಡಿಸಿದಿ, ಮಿಶನ್ ಕೆಲಸಾ ಕೆಡಿಸಿದಿ. ಮ್ಯಾಲಿನ ಓಣಿ ಮಂದಿ ಇನ್ನ ಈ ಕಡೆ ಹಾಯ್ತಾರೇನು?"

"ಏಳು ವರ್ಷ ಹಾಯಲಿಲ್ರಿ," ಎಂದ ಉಡಚಪ್ಪ ಕೆಳಗಿನಿಂದ. ಬಾವಿ ಅವನ ಮಾತನ್ನು ದೊಡ್ಡದು ಮಾಡಿ ಮೇಲೆ ಕಳಿಸಿತು.

ಉಳವಪ್ಪ ಲೆಕ್ಕ ಹಾಕಿದ. ಬಾವಿ ಶುದ್ಧವಾಗಬೇಕು. ನೀರೆಲ್ಲ ಎತ್ತಿ ಹಾಕಬೇಕು, ಹೂಳು ತೆಗೆಯಬೇಕು, ಗೋಡೆ ತಿಕ್ಕಬೇಕು. ವಡ್ಡರು ಬಂಡೆಯ ಬಾವಿಗೆ ಇಳಿಯುವುದಿಲ್ಲ. ಮೇಲಿನ ಓಣಿಯವರು ಇಳಿಯುವ ಮಾತೇ ಇಲ್ಲ. ಸುತ್ತಲ ಹಳ್ಳಿಗಳಲ್ಲಿ ಈ ಬಾವಿಗೆ ಇಳಿದು ಹತ್ತಬಲ್ಲ ಮನುಷ್ಯ ಒಬ್ಬನೇ. ಅವನು ಈಗ ಅದರೊಳಗೇ ನಿಂತಿದ್ದ. ಉಳವಪ್ಪನ ದನಿ ಮೆತ್ತಗಾಯಿತು. ರಿಜಿಸ್ಟರಿನ ಹೆಸರು ಬಾಯಿಗೆ ಬಂತು.

"ಯೋಸೇಫಪ್ಪಾ. ಆದದ್ದು ಆತು, ಮ್ಯಾಲ ಬಾ. ನಾಳೆ ನೀನ ನಿಂತು ನೀರೆಲ್ಲಾ ಎತ್ತಿಸಿ ಬಾವಿ ಸ್ವಚ್ಛ ಮಾಡಿಕೊಡು. ದೇವ್ರ ಸೇವಾ ಐತಿ. ಕೇಳಿತೇನಪಾ ಯೋಸೇಫಪ್ಪಾ?"

"ಯೋಸೇಫಪ್ಪ ಇಲ್ರಿ," ಎಂದ ಉಡಚಪ್ಪ, ಕೆಳಗಿಳಿದ ಖಾಲಿ ಬಕೀಟಿಗೆ ಕೈ ಚಾಚುತ್ತ. "ಬಾವಿ ತೋಡಾಕ ಆಫ್ರಿಕಾಕ್ಕ ಹೋಗ್ಯಾನ."